ತರಕಾರಿ ಹಾಕಿದ ಮಟನ್ ಸಾರು: ಎಲ್ಲ ಒಟ್ಟಿಗೆ ಕುಕ್ಕರಿಗೆ ಸುರಿಯಬೇಡಿ

ಅವರೆಕಾಯಿ ಕಾಲ ಬಂತು ಅಂದರೆ ಹಳೇ ಮೈಸೂರು ಕಡೆಯ ಮನೆಗಳಲ್ಲಿ ಭಾನುವಾರದ ಮಟನ್ ಸಾರಿಗೆ ಕಾಳು ಬೀಳುತ್ತದೆ. ಜತೆಗೆ ಆಲೂಗಡ್ಡೆ, ಬದನೆಕಾಯಿ. ಮಂಡ್ಯ, ರಾಮನಗರ, ಹಾಸನ, ಎಲ್ಲಿ ಹೋದರೂ ಪಕ್ಕದಲ್ಲಿ ಮುದ್ದೆ ಇದ್ದೇ ಇರುತ್ತದೆ. ತಂದ ಮಾಂಸ ಕಮ್ಮಿ, ತಟ್ಟೆ ಹಿಡಿದವರು ಜಾಸ್ತಿ ಅನ್ನುವ ಮನೆಗಳಿಗೆ ಇದು ಹೇಳಿ ಮಾಡಿಸಿದ ಅಡುಗೆ. ಆದರೆ ಸರಿಯಾಗಿ ಮಾಡಿದ ದಿನ ಪಾತ್ರೆಯಲ್ಲಿ ಮೊದಲು ಖಾಲಿಯಾಗುವುದು ಮಾಂಸ ಅಲ್ಲ, ರಸ ಹೀರಿಕೊಂಡ ಬದನೆಕಾಯಿ.

ಕೆಡುವುದು ಮಾತ್ರ ಎಲ್ಲರ ಮನೆಯಲ್ಲೂ ಒಂದೇ ರೀತಿ. ಮಟನ್, ಕಾಳು, ತರಕಾರಿ, ರುಬ್ಬಿದ ಖಾರ, ಎರಡು ಚೊಂಬು ನೀರು, ಎಲ್ಲವನ್ನೂ ಕುಕ್ಕರಿಗೆ ಸುರಿದು ಆರು ವಿಶಲ್ ಕೂಗಿಸುತ್ತಾರೆ. ಮುಚ್ಚಳ ತೆಗೆದರೆ ಬದನೆಕಾಯಿಯ ಸಿಪ್ಪೆ ಮಾತ್ರ ತೇಲುತ್ತಿರುತ್ತದೆ. ಆಲೂಗಡ್ಡೆ ಕರಗಿ ಸಾರಿಗೆ ಗಂಜಿಯ ಹದ ಬಂದಿರುತ್ತದೆ. ಮಾಂಸ ಇನ್ನೂ ಜಗಿಯಬೇಕು. ಖಾರದ ಹಸಿ ವಾಸನೆ ಹಾಗೇ ಇರುತ್ತದೆ. ಆಮೇಲೆ "ಈ ಸಲ ಮಟನ್ ಸರಿ ಇರಲಿಲ್ಲ" ಅಂತ ಅಂಗಡಿಯವನ ಮೇಲೆ ಹಾಕುತ್ತಾರೆ. ಮಟನ್ ಸರಿಯಾಗಿಯೇ ಇತ್ತು. ಒಂದೇ ಪಾತ್ರೆಯಲ್ಲಿ ಮಾಡಿ, ಅಡ್ಡಿಯಿಲ್ಲ. ಆದರೆ ಒಂದೊಂದನ್ನೂ ಅದರದರ ಸರದಿ ಬಂದಾಗ ಹಾಕಿ.

ಏನೇನು ಬೇಕು

ಆರು ಜನಕ್ಕೆ ಲೆಕ್ಕ ಹೇಳುತ್ತೇನೆ. ಮೂಳೆ ಸಮೇತ ಕುರಿ ಮಾಂಸ 1 ಕೆಜಿ. ಸುಲಿದ ಹಸಿ ಅವರೆಕಾಳು 250 ಗ್ರಾಂ. ಆಲೂಗಡ್ಡೆ ಎರಡು, ಗುಂಡು ಬದನೆಕಾಯಿ ನಾಲ್ಕು. ಈರುಳ್ಳಿ ಮೂರು, ಟೊಮೆಟೊ ಎರಡು. ಬೆಳ್ಳುಳ್ಳಿ ಒಂದು ಗಡ್ಡೆ, ಶುಂಠಿ ಎರಡು ಇಂಚು. ಬ್ಯಾಡಗಿ ಮೆಣಸಿನಕಾಯಿ ಎಂಟು, ಗುಂಟೂರು ನಾಲ್ಕು. ಧನಿಯಾ ಮೂರು ಚಮಚ, ಕಾಳುಮೆಣಸು ಒಂದು ಚಮಚ, ಚಕ್ಕೆ ಎರಡು ಚೂರು, ಲವಂಗ ಐದು, ಗಸಗಸೆ ಒಂದು ಚಮಚ, ಹುರಿಗಡಲೆ ಒಂದು ಚಮಚ. ಕಾಯಿತುರಿ ಅರ್ಧ ಬಟ್ಟಲು. ಕೊತ್ತಂಬರಿ ಸೊಪ್ಪು ಒಂದು ಹಿಡಿ, ಪುದೀನ ನಾಲ್ಕು ಕಡ್ಡಿ. ಅರಿಶಿನ, ಉಪ್ಪು, ಕಡಲೆಕಾಯಿ ಎಣ್ಣೆ.

ಪಾತ್ರೆ ಐದು ಲೀಟರಿನ ಕುಕ್ಕರ್ ಸಾಕು. ಮುಚ್ಚಳ ಹಾಕಿದರೆ ಕುಕ್ಕರ್, ತೆಗೆದರೆ ದಪ್ಪ ತಳದ ಪಾತ್ರೆ. ಎರಡೂ ಕೆಲಸಕ್ಕೆ ಬರುತ್ತದೆ.

ಮಾಂಸ ತರುವಾಗ

ಸಾರಿಗೆ ತೊಡೆ ಮಾಂಸ ಕೇಳಬೇಡಿ. ಮೂಳೆ ಇಲ್ಲದ್ದನ್ನಂತೂ ಕೇಳಲೇಬೇಡಿ. ಎದೆ, ಪಕ್ಕೆ, ಕತ್ತು, ಮುಂಗಾಲು ಬೆರೆಸಿ ಕೊಡಿ ಅನ್ನಿ. ಈ ಭಾಗಗಳಲ್ಲಿ ನಾರು, ಮೂಳೆ, ಕೊಬ್ಬು ಎಲ್ಲ ಇರುತ್ತದೆ. ನಿಧಾನಕ್ಕೆ ಬೇಯುವಾಗ ಆ ನಾರಿನ ಅಂಶ ಕರಗಿ ಸಾರಿಗೆ ಇಳಿಯುತ್ತದೆ. ತುಟಿಗೆ ಅಂಟಿದ ಹಾಗಾಗುವ ಸಾರು ಬರುವುದು ಅಲ್ಲಿಂದ. ಮೇಕೆ ಮಾಂಸವೂ ಆಗುತ್ತದೆ, ಆದರೆ ಅದರಲ್ಲಿ ಕೊಬ್ಬು ಕಮ್ಮಿ, ಬೇಯುವುದು ತಡ. ನನ್ನ ಓಟು ಕುರಿಗೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ಸಿಕ್ಕರೆ ಕೇಳುವುದೇ ಬೇಡ, ಗಿಡ್ಡ ಕಾಲಿನ ಆ ತಳಿ ಹೆಸರಾಗಿರುವುದೇ ಮಾಂಸದ ರುಚಿಗೆ. ಬೋರ್ಡಿನಲ್ಲಿ ಬಂಡೂರು ಅಂತ ಬರೆದಿದ್ದೆಲ್ಲ ಬಂಡೂರು ಅಲ್ಲ ಅನ್ನುವುದು ನೆನಪಿರಲಿ.

ತುಂಡು ಸ್ವಲ್ಪ ದೊಡ್ಡದೇ ಇರಲಿ. ಸಣ್ಣ ತುಂಡು ಹೊಡೆಸಿದರೆ ಮೂಳೆ ಚೂರು ಜಾಸ್ತಿ. ಮನೆಗೆ ತಂದ ಮೇಲೆ ಎರಡು ನೀರಿನಲ್ಲಿ ತೊಳೆದು ಜರಡಿಯಲ್ಲಿ ಬಸಿಯಲು ಬಿಡಿ. ಗಂಟೆಗಟ್ಟಲೆ ನೀರಿನಲ್ಲಿ ನೆನೆಹಾಕುವವರಿದ್ದಾರೆ. ದಯವಿಟ್ಟು ಬೇಡ. ಮುಂದಿನ ಹಂತದಲ್ಲಿ ಅದರ ಶಿಕ್ಷೆ ನಿಮಗೇ.

ಬಾಡಿಸುವುದು: ಇಲ್ಲಿ ಅವಸರ ಬೇಡ

ಕುಕ್ಕರಿಗೆ ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಹೆಚ್ಚಿದ ಒಂದು ಈರುಳ್ಳಿ ಹಾಕಿ ಮೆತ್ತಗೆ ಮಾಡಿಕೊಳ್ಳಿ. ನಂತರ ಮಾಂಸ, ಅರ್ಧ ಚಮಚ ಅರಿಶಿನ, ಬೇಕಾದ ಉಪ್ಪಿನಲ್ಲಿ ಅರ್ಧ. ಉರಿ ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ. ಮುಚ್ಚಳ ಬೇಡ.

ಎರಡೇ ನಿಮಿಷದಲ್ಲಿ ಮಾಂಸದ ಕೆಂಪು ಹೋಗಿ ಬೂದು ಬಣ್ಣ ಬರುತ್ತದೆ. ಹೆಚ್ಚಿನವರು "ಆಯ್ತು, ಬಾಡಿತು" ಅಂತ ನೀರು ಸುರಿಯುವುದು ಇಲ್ಲೇ. ಆಗಿಲ್ಲ. ಕೆಲಸ ಈಗ ಶುರುವಾಗುತ್ತಿದೆ ಅಷ್ಟೆ.

ಇನ್ನೊಂದೆರಡು ನಿಮಿಷ ಬಿಟ್ಟರೆ ಮಾಂಸ ತನ್ನದೇ ನೀರು ಬಿಡುತ್ತದೆ. ತಳದಲ್ಲಿ ಕಾಲಿಂಚು, ಕೆಲವೊಮ್ಮೆ ಅರ್ಧ ಇಂಚು ನೀರು ನಿಂತು ಕೊತಕೊತ ಕುದಿಯುತ್ತದೆ, ಬಿಳಿ ನೊರೆ ಬರುತ್ತದೆ. ಈ ಹೊತ್ತಿನಲ್ಲಿ ಪಾತ್ರೆಯ ಮೇಲೆ ಮುಖ ಹಿಡಿದರೆ ನೀಚು ವಾಸನೆ ಹೊಡೆಯುತ್ತದೆ. ಈ ನೀರು ಪೂರ್ತಿ ಇಂಗಬೇಕು. ಚೆಲ್ಲಬಾರದು, ಇಂಗಿಸಬೇಕು. ಚೆಲ್ಲಿದರೆ ವಾಸನೆಯ ಜತೆ ರುಚಿಯೂ ಬಚ್ಚಲಿಗೆ ಹೋಗುತ್ತದೆ.

ಇಂಗಿತೋ ಇಲ್ಲವೋ ಅಂತ ಕಿವಿಯಿಂದ ಗೊತ್ತಾಗುತ್ತದೆ. ಕೊತಕೊತ ಸದ್ದು ಸಣ್ಣಗಾಗುತ್ತಾ ಬಂದು ಒಂದು ಹಂತದಲ್ಲಿ ಚರ್‌ಚರ್ ಅನ್ನಲು ಶುರುವಾಗುತ್ತದೆ. ನೀರು ಮುಗಿದು ಎಣ್ಣೆ, ಕೊಬ್ಬು ಮಾತ್ರ ಉಳಿದಿದೆ ಅಂತ ಅರ್ಥ. ಈಗ ಒಲೆ ಬಿಟ್ಟು ಕದಲಬೇಡಿ. ಉರಿ ಮಧ್ಯಮಕ್ಕೆ ತನ್ನಿ. ತುಂಡುಗಳ ಅಂಚು ಹೊಂಬಣ್ಣಕ್ಕೆ ತಿರುಗುತ್ತದೆ, ತಳದಲ್ಲಿ ಕಂದು ಬಣ್ಣದ ಪದರ ಕೂರುತ್ತದೆ. ಸಾರಿನ ರುಚಿಯ ಅರ್ಧ ಪಾಲು ಆ ಪದರದಲ್ಲಿದೆ. ಎರಡು ಚಮಚ ಬಿಸಿನೀರು ಚಿಮುಕಿಸಿ ಸೌಟಿನಿಂದ ಕೆರೆಯಿರಿ, ಬಿಟ್ಟುಕೊಳ್ಳುತ್ತದೆ. ಮತ್ತೆ ಇಂಗಿಸಿ. ಕಂದು ಇದ್ದರೆ ಸರಿ. ಕಪ್ಪಾದರೆ ಕಹಿ, ಅದನ್ನು ಸರಿ ಮಾಡುವ ದಾರಿಯಿಲ್ಲ.

ಒಂದು ಕೆಜಿಗೆ ಇಷ್ಟಾಗಲು ಹದಿನೈದು ನಿಮಿಷ ಬೇಕು. ಮಾಂಸ ನೀರಿನಲ್ಲಿ ನೆನೆದಿದ್ದರೆ, ಇಲ್ಲವೇ ಫ್ರೀಜರಿನಿಂದ ತೆಗೆದದ್ದಾದರೆ ನೀರು ದುಪ್ಪಟ್ಟು ಬಿಡುತ್ತದೆ, ಇಪ್ಪತ್ತೈದು ನಿಮಿಷವೂ ಹಿಡಿಯಬಹುದು. ಎರಡು ಮೂರು ಕೆಜಿ ಮಾಡುವುದಿದ್ದರೆ ಕಂತಿನಲ್ಲಿ ಬಾಡಿಸಿ. ಕುಕ್ಕರ್ ತುಂಬ ಮಾಂಸ ತುಂಬಿದರೆ ಬಾಡುವುದಿಲ್ಲ, ಸುಮ್ನೆ ಬೇಯುತ್ತದೆ.

ಅಂಗಡಿಯ ಶುಂಠಿ ಬೆಳ್ಳುಳ್ಳಿ ಪೇಸ್ಟನ್ನು ಈ ಹಂತದಲ್ಲಿ ಹಾಕುವ ರೂಢಿ ಈಗ ಎಲ್ಲ ಕಡೆ ಇದೆ. ಪ್ಯಾಕೆಟ್ ಕತ್ತರಿಸಿ ಮೂಸಿ ನೋಡಿ. ಮೊದಲು ಬರುವುದು ಹುಳಿ ವಾಸನೆ. ಕೆಡದಿರಲಿ ಅಂತ ಹಾಕಿದ ಆಮ್ಲದ ವಾಸನೆ ಅದು. ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಲು ಒಂದು ನಿಮಿಷ ಸಾಕಲ್ವಾ?

ಮೊದಲ ಬೇಯಿಸುವಿಕೆ

ಬಾಡಿದ ಮಾಂಸಕ್ಕೆ ಕುದಿಯುವ ನೀರು ಹಾಕಿ, ತಣ್ಣೀರಲ್ಲ. ಮಾಂಸದ ಮೇಲೆ ಒಂದು ಇಂಚು ನಿಲ್ಲುವಷ್ಟು. ಖಾರ ಹಾಕಬೇಡಿ, ಟೊಮೆಟೊ ಬೇಡ. ಮುಚ್ಚಳ ಹಾಕಿ. ಎಳೆಯ ಮರಿಯದಾದರೆ ಮೂರು ನಾಲ್ಕು ವಿಶಲ್, ಬಲಿತದ್ದಾದರೆ ಏಳೆಂಟು. ಮುಕ್ಕಾಲು ಭಾಗ ಬೆಂದರೆ ಸಾಕು. ತುದಿಯಲ್ಲಿ ಮಾಂಸ ಮೂಳೆಯಿಂದ ಅರ್ಧ ಬೆರಳು ಹಿಂದೆ ಸರಿದಿರಬೇಕು, ಉಗುರಿನಲ್ಲಿ ಒತ್ತಿದರೆ ಒಳಗಿಳಿಯಬೇಕು, ಆದರೆ ಕಳಚಿ ಬೀಳಬಾರದು.

ಕುಕ್ಕರ್ ಬೇಡ, ಪಾತ್ರೆಯಲ್ಲೇ ಬೇಯಿಸುತ್ತೇನೆ ಅನ್ನುವವರು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನ ಒಳಗೆ 120 ಡಿಗ್ರಿ ಹತ್ತಿರ ಹೋಗುತ್ತದೆ. ಮಂಗಳೂರಿನ ನೆಂಟರು ಹೇಳಿದ ಸಮಯ ಇಲ್ಲಿ ಸಾಲದೆ ಹೋದರೆ ಆಶ್ಚರ್ಯ ಪಡಬೇಡಿ.

ಖಾರ ರುಬ್ಬುವುದು

ಕುಕ್ಕರ್ ಕೂಗುತ್ತಿರುವಾಗ ಈ ಕೆಲಸ. ಸಣ್ಣ ಬಾಣಲೆಯಲ್ಲಿ ಧನಿಯಾ, ಮೆಣಸಿನಕಾಯಿ, ಕಾಳುಮೆಣಸು, ಚಕ್ಕೆ, ಲವಂಗ ಘಮ ಬರುವಷ್ಟು ಹುರಿದು, ಕೊನೆಗೆ ಗಸಗಸೆ ಹಾಕಿ ಇಳಿಸಿ. ಅದೇ ಬಾಣಲೆಗೆ ಸ್ವಲ್ಪ ಎಣ್ಣೆ ಬಿಟ್ಟು ಉಳಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಟೊಮೆಟೊ ಬಾಡಿಸಿ, ಸೊಪ್ಪು ಹಾಕಿ ಒಲೆ ಆರಿಸಿ. ಮೊದಲು ಒಣ ಪದಾರ್ಥ ಪುಡಿಯಾಗಲಿ. ಆಮೇಲೆ ಕಾಯಿ, ಹುರಿಗಡಲೆ, ಬಾಡಿಸಿದ್ದು ಎಲ್ಲ ಸೇರಿಸಿ ನುಣ್ಣಗೆ ರುಬ್ಬಿ. ಜಾರ್ ತೊಳೆದ ನೀರು ಚೆಲ್ಲಬೇಡಿ.

ಬ್ಯಾಡಗಿ ಕೊಡುವುದು ಬಣ್ಣ, ಗುಂಟೂರು ಕೊಡುವುದು ಖಾರ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಸುಕ್ಕು ಸುಕ್ಕಾಗಿ, ಕಡುಗೆಂಪಾಗಿ ಇರುವುದನ್ನು ನೋಡಿ ತನ್ನಿ. ರೆಡಿ ಮಟನ್ ಮಸಾಲೆ ಪುಡಿಯ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಯಾವ ಕಂಪನಿಯದಾದರೂ ಅದರಲ್ಲಿ ಚಕ್ಕೆ ಲವಂಗದ್ದೇ ಜೋರು, ಧನಿಯಾದ ಗುಣ ಸತ್ತಿರುತ್ತದೆ. ತೀರಾ ಸಮಯ ಇಲ್ಲದವರು ಮನೆಯಲ್ಲಿರುವ ಸಾರಿನ ಪುಡಿಗೆ ಚಕ್ಕೆ, ಲವಂಗ ಸೇರಿಸಿ ರುಬ್ಬಿ. ಅದಕ್ಕಿಂತ ಇದು ವಾಸಿ.

ತರಕಾರಿಯ ಸರದಿ

ಮುಚ್ಚಳ ತೆಗೆದ ಮೇಲೆ ಮತ್ತೆ ಹಾಕಬೇಡಿ. ಇನ್ನು ಮುಂದೆ ಎಲ್ಲ ತೆರೆದ ಪಾತ್ರೆಯಲ್ಲೇ. ತರಕಾರಿ ಕಣ್ಣೆದುರು ಬೇಯಬೇಕು.

ಮೊದಲು ಅವರೆಕಾಳು, ಆಲೂಗಡ್ಡೆ. ಆಲೂಗಡ್ಡೆ ನಾಲ್ಕು ಹೋಳಿಗಿಂತ ಸಣ್ಣದು ಬೇಡ. ಬರೀ ಮಾಂಸದ ನೀರಿನಲ್ಲಿ ಇವು ಹತ್ತು ನಿಮಿಷ ಕುದಿಯಲಿ. ಖಾರ ಇನ್ನೂ ಹಾಕಿಲ್ಲ ಅನ್ನುವುದನ್ನು ಗಮನಿಸಿ. ಕಾರಣ ಟೊಮೆಟೊ. ಹುಳಿ ಬಿದ್ದ ನೀರಿನಲ್ಲಿ ಕಾಳು, ತರಕಾರಿ ಮೆತ್ತಗಾಗುವುದು ನಿಧಾನ. ಕಾಳು ಬೇಯುವ ಮೊದಲೇ ಹುಳಿ ಹಾಕಿದರೆ ಅರ್ಧ ಗಂಟೆ ಕುದಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಒಂದು ಕಾಳು ತೆಗೆದು ಎರಡು ಬೆರಳಿನ ನಡುವೆ ಹಿಸುಕಿ. ಸಿಪ್ಪೆಯಿಂದ ಬೇಳೆ ಜಾರಿ ಹೊರಬಂದು ಬೆರಳಿನಲ್ಲಿ ಚಪ್ಪಟೆಯಾದರೆ ಖಾರ ಸುರಿಯುವ ಹೊತ್ತು ಬಂತು.

ಖಾರ ಹಾಕಿದ ಮೇಲೆ ಅದೇ ಹುಳಿ ನಮಗೆ ಸಹಾಯಕ್ಕೆ ಬರುತ್ತದೆ. ಮುಕ್ಕಾಲು ಬೆಂದ ಆಲೂಗಡ್ಡೆ ಇನ್ನು ಸುಲಭಕ್ಕೆ ಒಡೆಯುವುದಿಲ್ಲ. ಉಳಿದ ಉಪ್ಪು ಹಾಕಿ, ಐದು ನಿಮಿಷ ಕುದಿದ ಮೇಲೆ ಬದನೆಕಾಯಿ. ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಿ, ಹಾಕುವವರೆಗೆ ಉಪ್ಪುನೀರಿನಲ್ಲಿ ಇರಲಿ. ಹತ್ತು ನಿಮಿಷಕ್ಕೆ ಬೇಯುತ್ತದೆ, ಸೀಳಿದ ಕಡೆ ಸಾರು ಹೋಗಿ ಕೂರುತ್ತದೆ. ಈ ಹತ್ತು ನಿಮಿಷ ಉರಿ ಸಣ್ಣದಿರಲಿ. ಹುರಿಗಡಲೆ, ಗಸಗಸೆ, ಕಾಯಿ ಮೂರೂ ತಳ ಹಿಡಿಯುವ ಜಾತಿ. ಸೌಟನ್ನು ತಳಕ್ಕೆ ತಾಗಿಸಿ ಆಡಿಸಿ. ಮೇಲಿಂದ ತಿರುಗಿಸಿದರೆ ತರಕಾರಿ ಒಡೆಯುತ್ತದೆ, ತಳ ಮಾತ್ರ ಹಿಡಿದೇ ಹಿಡಿಯುತ್ತದೆ.

ಖಾರ ಬೆಂದದ್ದು ಹೇಗೆ ಗೊತ್ತಾಗುತ್ತದೆ? ಹಾಕಿದಾಗ ಸಾರಿನ ಮೇಲೆ ಮಾಸಲು ನೊರೆ ಕಟ್ಟುತ್ತದೆ. ಕುದಿಯುತ್ತಾ ಅದು ಒಡೆದು ಅಂಚಿನಲ್ಲಿ ಕೆಂಪು ಎಣ್ಣೆ ಕಾಣಿಸುತ್ತದೆ. ನೊರೆ ಇರುವವರೆಗೆ ಹಸಿ ವಾಸನೆಯೂ ಇರುತ್ತದೆ.

ಒಣ ಅವರೆ ಬಳಸುವವರು ರಾತ್ರಿಯೇ ನೆನೆಹಾಕಿ, ಮಾಂಸದ ಜತೆಯಲ್ಲೇ ಕುಕ್ಕರಿಗೆ ಹಾಕಿ. ಬೋರ್‌ವೆಲ್ ಗಡಸು ನೀರಿನಲ್ಲಿ ಕಾಳು ಬೇಯುವುದಿಲ್ಲ, ಕುಡಿಯುವ ನೀರನ್ನೇ ಬಳಸಿ. ಹಿತಕಿದ ಬೇಳೆಯಾದರೆ ಬದನೆಕಾಯಿ ಜತೆ ಹಾಕಿದರೂ ಸಾಕು. ಬದನೆಕಾಯಿ ಬದಲು ಮೂಲಂಗಿ, ನವಿಲುಕೋಸು, ಸೋರೆಕಾಯಿ ಹೊಂದುತ್ತದೆ. ಮೂಲಂಗಿ, ನವಿಲುಕೋಸು ಕಾಳಿನ ಜತೆಗೇ ಹೋಗಲಿ, ಸೋರೆಕಾಯಿ ಕೊನೆಗೆ. ಕ್ಯಾಪ್ಸಿಕಂ, ಹೂಕೋಸು, ಬೀಟ್‌ರೂಟ್ ಹಾಕುವವರ ಜತೆ ನಾನು ವಾದಕ್ಕೆ ಇಳಿಯುವುದಿಲ್ಲ, ಊಟಕ್ಕೂ ಹೋಗುವುದಿಲ್ಲ.

ಹದ

ಮುದ್ದೆಗೆ ಸಾರು ಸ್ವಲ್ಪ ತೆಳ್ಳಗೇ ಇರಬೇಕು. ಮುರಿದ ಮುದ್ದೆಯನ್ನು ಅದ್ದಿ ನುಂಗುವಾಗ ಜಾರಿಕೊಂಡು ಹೋಗಬೇಕು. ಅನ್ನಕ್ಕಾದರೆ ಇನ್ನಷ್ಟು ಗಟ್ಟಿ ಮಾಡಿಕೊಳ್ಳಿ. ತೀರಾ ನೀರಾಯಿತು ಅಂತ ಕಾರ್ನ್‌ಫ್ಲೋರ್ ಕಲಸಿ ಹಾಕಬೇಡಿ, ಲೋಳೆಯಾಗುತ್ತದೆ. ಎರಡು ಹೋಳು ಆಲೂಗಡ್ಡೆ ತೆಗೆದು ಮಸೆದು ವಾಪಸ್ ಬಿಡಿ, ಸಾಕು.

ಒಲೆ ಆರಿಸಿ ಅರ್ಧ ಗಂಟೆ ಹಾಗೇ ಬಿಡಿ. ಮುದ್ದೆ ತಿರುವಲು ಅಷ್ಟು ಹೊತ್ತು ಹೇಗೂ ಬೇಕು. ನಿಂಬೆಹಣ್ಣು, ಹಸಿ ಈರುಳ್ಳಿ ಪಕ್ಕದಲ್ಲಿರಲಿ.

ಮಿಕ್ಕಿದ್ದನ್ನು ರಾತ್ರಿಯೆಲ್ಲ ಹೊರಗಿಡಬೇಡಿ, ಕಾಯಿ ಹಾಕಿದ ಸಾರು ಹಳಸುವುದು ಬೇಗ. ಆರಿದ ತಕ್ಷಣ ಫ್ರಿಜ್ಜಿಗೆ ಸೇರಿಸಿ. ಬೆಳಿಗ್ಗೆ ತೆಗೆದಾಗ ಮೇಲೆ ಕೊಬ್ಬು ಹೆಪ್ಪುಗಟ್ಟಿರುತ್ತದೆ, ಸಾರು ಗಟ್ಟಿಯಾಗಿರುತ್ತದೆ. ಬೇಕಿದ್ದರೆ ಕೊಬ್ಬು ಅರ್ಧ ತೆಗೆಯಿರಿ, ಪೂರ್ತಿ ತೆಗೆದರೆ ಘಮವೂ ಹೋಗುತ್ತದೆ. ಅರ್ಧ ಲೋಟ ಬಿಸಿನೀರು ಹಾಕಿ ಚೆನ್ನಾಗಿ ಕುದಿಸಿ, ಉಪ್ಪು ನೋಡಿ, ದೋಸೆ ಹಂಚು ಒಲೆಗಿಡಿ.