ಕೂಗದಿದ್ದರೆ ಪಕ್ ಬರೋದಿಲ್ಲ

ಕೆನಡಾದ ಬ್ರಾಂಪ್ಟನ್‌ನಲ್ಲಿ ಎಂಟು ಒಂಬತ್ತು ವಯಸ್ಸಿನ ಹುಡುಗಿಯರಿಗೆ ಐಸ್ ಹಾಕಿ ಹೇಳಿಕೊಡುವವರಲ್ಲಿ ನಾನೂ ಒಬ್ಬಳು. ಸಂಬಳ ಇಲ್ಲ, ವಾಲಂಟಿಯರ್. ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಅಲ್ಲಿ ಐಸ್ ಅಂದರೆ ಕಬ್ಬಿನ ಹಾಲಿಗೆ ಹಾಕೋದು, ಅಷ್ಟೇ. ಮಗಳು ಆಡ್ತೀನಿ ಅಂತ ಹಟ ಹಿಡಿದಳು. ಡ್ರೆಸ್ಸಿಂಗ್ ರೂಮಿನಲ್ಲಿ ಮಕ್ಕಳ ಜೊತೆ ಇರೋಕೆ ಹೆಂಗಸರು ಬೇಕು ಅಂದರು, ಹೋದೆ. ಲೇಸ್ ಕಟ್ಟುತ್ತಾ ನನಗೂ ಆಸೆ ಹುಟ್ಟಿತು. ದೊಡ್ಡವರ ಸ್ಕೇಟಿಂಗ್ ಕ್ಲಾಸಿಗೆ ಸೇರಿ, ಬಿದ್ದು ಎದ್ದು ಕಲಿತು, ಕೋಚಿಂಗ್ ತರಬೇತಿಯನ್ನೂ ಮುಗಿಸಿದೆ.

ಮೊದಲು ಸಾಮಾನಿನ ವಿಷಯ ಹೇಳಿಬಿಡ್ತೀನಿ. ನಮ್ಮವರು ಇಲ್ಲೇ ಎಡವೋದು. ಬೆಳೆಯೋ ಮಗು ಅಂತ ಎರಡು ಸೈಜ್ ದೊಡ್ಡ ಸ್ಕೇಟ್ಸ್ ತರಬೇಡಿ. ಐಸ್ ಹಾಕಿಯ ಸ್ಕೇಟ್ಸ್ ಸಾಮಾನ್ಯವಾಗಿ ಶೂ ಸೈಜಿಗಿಂತ ಒಂದು ಒಂದೂವರೆ ಕಡಿಮೆ ಇರಬೇಕು. ಸಡಿಲ ಇದ್ದರೆ ಪಾದದ ಗಂಟು ಒಳಕ್ಕೆ ವಾಲುತ್ತೆ, ಮಗು ನಿಲ್ಲೋಕೇ ಆಗಲ್ಲ. ಹೆಲ್ಮೆಟ್, ಕುತ್ತಿಗೆಯ ಗಾರ್ಡ್ ಮಾತ್ರ ಹೊಸದೇ ತಗೊಳ್ಳಿ. ಉಳಿದದ್ದು ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತೆ. ಇನ್ನೊಂದು, ಜಡೆ. ನೆತ್ತಿಯ ಮೇಲೆ ಜುಟ್ಟು ಕಟ್ಟಿ ಕಳಿಸಿದರೆ ಹೆಲ್ಮೆಟ್ ಕೂರೋದೇ ಇಲ್ಲ. ಅಭ್ಯಾಸ ಶುರುವಾಗೋ ಮುಂಚೆ ಅದನ್ನು ಬಿಚ್ಚಿ, ಕುತ್ತಿಗೆ ಹತ್ತಿರ ಸಡಿಲವಾಗಿ ಎರಡು ಜಡೆ ಹೆಣೆಯೋದು ನನ್ನ ಪಾಲಿನ ಕೆಲಸ. ಎಣ್ಣೆ ಹಚ್ಚಿದ ತಲೆಯಾದರೆ ಹೆಲ್ಮೆಟ್ ಒಳಗಿನ ಸ್ಪಂಜೆಲ್ಲ ಕೊಬ್ಬರಿ ಎಣ್ಣೆ ವಾಸನೆ!

ಇದೆಲ್ಲ ಸುಲಭದ ಮಾತು. ಹುಡುಗಿಯರನ್ನು ಆಟದಲ್ಲಿ ಉಳಿಸಿಕೊಳ್ಳೋದೇ ಕಷ್ಟ. ದೊಡ್ಡ ಆಟಗಾರ್ತಿಯರ ಹೆಸರು ಹೇಳಿದರೆ ಹುರುಪು ಬರುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಮ್ಮೂರಲ್ಲೇ ಕ್ಯಾಸಿ ಕ್ಯಾಂಪ್‌ಬೆಲ್ ಹೆಸರಿನ ಕಮ್ಯುನಿಟಿ ಸೆಂಟರ್ ಇದೆ, ಒಳಗೆ ರಿಂಕ್, ಅಂದರೆ ಐಸ್ ಮೈದಾನ ಇದೆ. ಆಕೆ ಬೆಳೆದದ್ದು ಬ್ರಾಂಪ್ಟನ್‌ನಲ್ಲೇ. 2002 ಮತ್ತು 2006ರಲ್ಲಿ ಕೆನಡಾ ಒಲಿಂಪಿಕ್ ಚಿನ್ನ ಗೆದ್ದಾಗ ನಾಯಕಿ. ಆಕೆ ಯಾರು ಗೊತ್ತಾ ಅಂತ ಒಂದು ದಿನ ನಮ್ಮ ಹುಡುಗಿಯರನ್ನು ಕೇಳಿದೆ. "ಈ ಬಿಲ್ಡಿಂಗ್ ಓನರ್" ಅಂದಳು ಒಬ್ಬಳು. ತಪ್ಪೇನಿಲ್ಲ ಬಿಡಿ, ಅವಳು ಹುಟ್ಟೋ ಮುಂಚಿನ ಕತೆ ಅದು.

2024ರ ಜನವರಿ 1ರಂದು ಹೆಂಗಸರ ಹೊಸ ವೃತ್ತಿಪರ ಲೀಗ್, ಪಿಡಬ್ಲ್ಯುಎಚ್‌ಎಲ್, ಟೊರೊಂಟೊದಲ್ಲಿ ಶುರುವಾಯಿತು. ಆ ವರ್ಷ ಟೊರೊಂಟೊ ತಂಡ ಹೆಚ್ಚಾಗಿ ಆಡಿದ್ದು ಮ್ಯಾಟಮಿ ಸೆಂಟರ್‌ನಲ್ಲಿ. ಮೇಪಲ್ ಲೀಫ್ ಗಾರ್ಡನ್ಸ್ ಅನ್ನೋ ಹಳೇ ಹಾಕಿ ಸ್ಟೇಡಿಯಂ ಕಟ್ಟಡ ಅದು. ಕೆಳಗೆ ಸೂಪರ್ ಮಾರ್ಕೆಟ್, ಮೇಲೆ ರಿಂಕ್. ಸಣ್ಣ ಜಾಗ, ಟಿಕೆಟ್ ಸಿಗೋದೇ ಕಷ್ಟ. ಹೇಗೋ ಗಿಟ್ಟಿಸಿಕೊಂಡು ಮಕ್ಕಳನ್ನು ಕರೆದುಕೊಂಡು ಹೋದೆವು.

ಅವರು ಗೋಲುಗಳನ್ನು ನೋಡಿ ಕುಣಿಯುತ್ತಾರೆ ಅಂದುಕೊಂಡಿದ್ದೆ. ಕುಣಿದರು ನಿಜ. ಆದರೆ ವಾಪಸ್ ಬರುವಾಗ ವ್ಯಾನಿನಲ್ಲಿ ನಡೆದ ಮಾತೇ ಬೇರೆ. "ಆಂಟಿ, ಅವರು ಎಷ್ಟು ಜೋರಾಗಿ ಕಿರುಚ್ತಾರೆ!" ಅಂದಳು ನಮ್ಮ ಕನ್ನಡದ ಹುಡುಗಿ. (ಉಳಿದವರಿಗೆ ನಾನು ಕೋಚ್, ಅವಳಿಗೆ ಮಾತ್ರ ಎಲ್ಲಿ ಹೋದರೂ ಆಂಟಿ.) ಗಾಜಿನ ಹತ್ತಿರ ಕೂತಿದ್ದರಿಂದ ಎಲ್ಲ ಕೇಳಿಸಿತ್ತು. ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಬೇಕು ಅಂತ ಕೂಗೋದು, ಹಿಂದೆ ಎದುರಾಳಿ ಬಂದಳು ಅಂತ ಎಚ್ಚರಿಸೋದು, ಸ್ಟಿಕ್ಕಿನಿಂದ ಐಸ್ ಮೇಲೆ ಟಕಟಕ ಬಡಿಯೋದು. ಟಿವಿಯಲ್ಲಿ ಕಾಮೆಂಟರಿ ನಡುವೆ ಇದು ಅಷ್ಟಾಗಿ ಕಿವಿಗೆ ಬೀಳಲ್ಲ.

ನನಗೆ ಆಗ ಹೊಳೆಯಿತು. ನಮ್ಮ ಹುಡುಗಿಯರು ಸ್ಕೇಟಿಂಗ್‌ನಲ್ಲಿ ಹಿಂದೆ ಇರಲಿಲ್ಲ. ಬಾಯಿ ಬಿಡುತ್ತಿರಲಿಲ್ಲ. ಖಾಲಿ ಜಾಗದಲ್ಲಿ ಸರಿಯಾಗೇ ನಿಂತಿರುತ್ತಾರೆ, ಆದರೆ ಕೊಟ್ಟರೆ ಕೊಡಲಿ ಅಂತ ಸುಮ್ನೆ ಕಾಯುತ್ತಾರೆ. ಹೆಣ್ಣುಮಕ್ಕಳು ಗಟ್ಟಿಯಾಗಿ ಮಾತಾಡಬಾರದು ಅಂತ ಹೇಳಿಸಿಕೊಂಡೇ ಬೆಳೆದವಳು ನಾನು. ಬೇರೆ ದೇಶದಿಂದ ಬಂದ ಮನೆಗಳಲ್ಲೂ ಇದೇ ಪಾಠ, ಇಲ್ಲಿನವರ ಮನೆಗಳಲ್ಲೂ ಏನು ಕಮ್ಮಿ ಇಲ್ಲ.

ಮುಂದಿನ ಅಭ್ಯಾಸದಲ್ಲಿ ಒಂದು ಆಟ ಮಾಡಿದೆ. ಕೂಗದವರಿಗೆ ಪಾಸ್ ಇಲ್ಲ. ಗೆಳತಿ ಎದುರಿಗೇ ನಿಂತಿದ್ದರೂ ಕೊಡುವಂತಿಲ್ಲ. ಮೊದಮೊದಲು ಪಿಸುಮಾತು, ನಗು. ಆಮೇಲೆ ರಿಂಕ್ ಸಂತೆಯಾಯಿತು. ಯಾವ ಭಾಷೆಯಲ್ಲಾದರೂ ಕೂಗಿ ಅಂದೆ. ಪಂಜಾಬಿ, ತಮಿಳು, ನಮ್ಮ "ಇಲ್ಲಿ ಕೊಡೇ!" ಎಲ್ಲ ಕೇಳಿಸಿತು.

ಜಾಸ್ತಿ ಕೆಲಸ ಮಾಡಿದ್ದು ಇನ್ನೊಂದು. ಹೈಸ್ಕೂಲ್ ಓದುವ ಇಬ್ಬರು ಆಟಗಾರ್ತಿಯರನ್ನು ಸಹಾಯಕ್ಕೆ ಕರೆದೆ. ಒಲಿಂಪಿಕ್ ಪದಕದವರಲ್ಲ, ತಮಗಿಂತ ನಾಲ್ಕೈದು ವರ್ಷ ದೊಡ್ಡ ಅಕ್ಕಂದಿರೇ ಮಕ್ಕಳಿಗೆ ದೇವರು. ಅಕ್ಕ ಸ್ಟಿಕ್ಕಿಗೆ ಗುಲಾಬಿ ಟೇಪ್ ಸುತ್ತಿದರೆ ವಾರದೊಳಗೆ ಎಲ್ಲರದ್ದೂ ಗುಲಾಬಿ. ಅಕ್ಕ ಬಿದ್ದು, ಬೈದುಕೊಂಡು, ಎದ್ದು ಮತ್ತೆ ಓಡಿದರೆ ಇವರೂ ಅಳದೆ ಏಳುತ್ತಾರೆ. ಬೈಗುಳವನ್ನೂ ಕಲಿತರು, ಅದು ಬೇರೆ ಮಾತು.

ಮನೆಯವರನ್ನು ಒಪ್ಪಿಸೋದೂ ಇದೆ ಅಲ್ವಾ? ಊರಿಂದ ಬಂದಿದ್ದ ಅಜ್ಜಿಯೊಬ್ಬರು "ಹಲ್ಲು ಮುರ್ಕೊಂಡ್ರೆ ಏನ್ ಗತಿ? ಇದು ಬಿಳಿ ಜನರ ಆಟ ಕಣಮ್ಮ" ಅಂದರು. ಮುಖಕ್ಕೆ ಪೂರ್ತಿ ಜಾಲರಿ ಇರುತ್ತೆ ಅಂತ ತೋರಿಸಿದೆ. ಆಮೇಲೆ ಫೋನ್ ತೆಗೆದು ಭಾರತದ ಹೆಂಗಸರ ಐಸ್ ಹಾಕಿ ತಂಡದ ವಿಡಿಯೋ ಹಾಕಿದೆ. ಹೆಚ್ಚಿನವರು ಲಡಾಖ್ ಕಡೆಯವರು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಗಳ ಮೇಲೆ ಆಡಿ ಬೆಳೆದವರು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದರು. ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿದರು. "ನಮ್ ದೇಶದ ಹುಡ್ಗೀರಾ?" ಅಂತ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಮುಂದಿನ ಮ್ಯಾಚಿಗೆ ಶಾಲು ಹೊದ್ದು ಬಂದವರು ಎಲ್ಲರಿಗಿಂತ ಜೋರಾಗಿ ಕೂಗಿದರು.

ಈ ಸೀಸನ್ ನಮ್ಮ ತಂಡಕ್ಕೆ ಗೋಲ್‌ಕೀಪರ್ ಬೇಕಾಗಿದೆ. ಪ್ಯಾಡು ಕ್ಲಬ್ಬಿನಿಂದಲೇ ಕೊಡ್ತೀವಿ. ಮಗಳಿಗೆ ಆಸೆ ಇದ್ದರೆ ಸುಮ್ನೆ ಒಂದು ಶನಿವಾರ ಕರೆದುಕೊಂಡು ಬನ್ನಿ. ಒಳಗೆ ಸಿಕ್ಕಾಪಟ್ಟೆ ಚಳಿ, ಸ್ವೆಟರ್ ಮರೆಯಬೇಡಿ.