ಸಿಂಹರಾಜದಲ್ಲಿ ನಡೆಯದೆ ಹಕ್ಕಿ ನೋಡಿದ್ದು: ನನ್ನ ಅನುಭವ

ಶ್ರೀಲಂಕಾದ ಸಿಂಹರಾಜ ಮಳೆಕಾಡಿಗೆ ಹೋಗಿ ಬಂದ ನಮ್ಮ ಹಕ್ಕಿ ಗೆಳೆಯರಲ್ಲಿ ಮುಕ್ಕಾಲು ಪಾಲು ಜನ ಹೇಳುವುದು ಒಂದೇ ಮಾತು. ಮಳೆ, ಉಂಬಳ, ಎಲೆ ಮರೆಯಲ್ಲಿ ಏನೋ ಅಲ್ಲಾಡಿತು, ಅಷ್ಟೇ. ಒಂದೇ ಕಡೆ ಕೂತು ನೋಡ್ತೀನಿ ಅಂದಾಗ "ಅಷ್ಟು ದುಡ್ಡು ಕೊಟ್ಟು ಹೋಗಿ ಕೂತ್ಕೊಳ್ಳೋದಾ ಮಾರಾಯ?" ಅಂದರು. ಈಗ ಅವರೇ ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬೇರೆ ದಾರಿಗಳನ್ನೂ ನೋಡಿಯಾಗಿದೆ. ಕೊಲಂಬೊದಿಂದ ಒಂದೇ ದಿನದ ಪ್ಯಾಕೇಜ್ ತಗೊಂಡಾಗ ಹೋಗಿ ಬರುವುದಕ್ಕೇ ಎಂಟು ಗಂಟೆ ಹೋಯಿತು. ಕಾಡೊಳಗೆ ಕಾಲಿಡುವಾಗ ಹನ್ನೊಂದು ದಾಟಿತ್ತು, ಊಟದ ಹೊತ್ತಿಗೆ ಮಳೆ ಹಿಡಿಯಿತು. ಲಂಕೆಯ ನಲವತ್ತು ಸಾವಿರ ರೂಪಾಯಿ ಹತ್ತಿರ ಖರ್ಚು, ಸರಿಯಾಗಿ ಕಂಡಿದ್ದು ಒಂದು ಕಾಡುಕೋಳಿ. ಇನ್ನೊಂದು ಸಲ ದೆಣಿಯಾಯ ಕಡೆಯ ಪಿಟದೆಣಿಯ ಗೇಟಿನಿಂದ ಹೋಗಿ ಬೆಳಗಿಂದ ಸಂಜೆವರೆಗೂ ನಡೆದೆ. ಹಕ್ಕಿಗಳೇನೋ ಇದ್ದವು. ಆದರೆ ನಾವು ಹತ್ತಿರ ಹೋಗುವಷ್ಟರಲ್ಲಿ ಬಾಲ ತೋರಿಸಿ ಹೋಗಿರುತ್ತಿದ್ದವು.

ಕೆಲಸ ಆಗಿದ್ದು ಕಾಡಿನ ಇನ್ನೊಂದು ಗೇಟಾದ ಕುಡಾವ ಕಡೆಯಿಂದ. ಕಾಡಂಚಿನಲ್ಲೇ ಎರಡು ಮೂರು ರಾತ್ರಿ ಉಳಿದೆ. ಜೀಪಿನ ಸುತ್ತಾಟ ಕೈಬಿಟ್ಟು, ಆ ಆರೇಳು ಸಾವಿರವನ್ನೂ ಗೈಡ್‌ಗೇ ಕೊಟ್ಟೆ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ, ನಿಮಗೆ ಗೊತ್ತಲ್ಲ. ಅವರಿಗೆ ಎಲ್ಲರನ್ನೂ ಜಲಪಾತಕ್ಕೆ ಕರೆದುಕೊಂಡು ಹೋಗಿ ಅಭ್ಯಾಸ. ಗೇಟಲ್ಲೇ ಮಾತಾಡಿಕೊಳ್ಳಿ: ಜಲಪಾತ ಬೇಡ, ಬೆಟ್ಟ ಬೇಡ, ಹೇಳಿದ ಕಡೆ ಕೂತಿರೋಣ. ನಮ್ಮ ಗೈಡ್ "ಸರ್, ನಿಜವಾಗ್ಲೂ?" ಅಂತ ಎರಡು ಸಲ ಕೇಳಿದರು.

ಕುಡಾವದ ದಾರಿ ಅಗಲ ಇದೆ. 1970ರ ದಶಕದಲ್ಲಿ ಪ್ಲೈವುಡ್‌ಗೆ ಮರ ಕಡಿಯುತ್ತಿದ್ದಾಗ ಲಾರಿಗೆ ಮಾಡಿದ ರಸ್ತೆ ಅದು. ಜನ ಪ್ರತಿಭಟಿಸಿ ಕಡಿಯುವುದು ನಿಂತಿತು, 1988ರಲ್ಲಿ ಕಾಡು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿತು. ಆ ಹಳೇ ಗಾಯದಿಂದ ನಮಗಾದ ಲಾಭ ಅಂದರೆ ಎರಡೂ ಕಡೆಯ ಮರಗಳು ಮೇಲಿಂದ ಕೆಳಗಿನವರೆಗೆ ಕಾಣುತ್ತವೆ. ಇಲ್ಲಿ ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೇ ಗುಂಪಾಗಿ ಮೇಯುತ್ತಾ ಸಾಗುತ್ತವೆ, ಆ ಗುಂಪು ದಾರಿ ದಾಟಲೇಬೇಕು. ನಾನು ನೋಡಿದ ಹಾಗೆ, ಒಂದು ಗುಂಪು ತನ್ನ ಜಾಗದಲ್ಲೇ ಸುತ್ತುತ್ತಾ ಇರುತ್ತದೆ. ಯಾವ ತಿರುವಲ್ಲಿ ಕೂತೆ ಅಂತ ಮಾತ್ರ ಹೇಳುವುದಿಲ್ಲ. ಹೇಳಿದರೆ ಮುಂದಿನ ಸೀಸನ್‌ನಲ್ಲಿ ಅಲ್ಲಿ ಟ್ರೈಪಾಡ್ ಸಾಲು ನಿಲ್ಲುತ್ತದೆ.

ಎರಡು ಗಂಟೆ ಹೊತ್ತು ಏನೂ ಇಲ್ಲ. ಕೋಗಿಲೆ ಜಾತಿಯ ಮಲ್ಕೋಹಾ ಬರಲಿ ಅಂತ ಮೇಲೆ ನೋಡುತ್ತಾ ಕತ್ತು ನೋಯಿಸಿಕೊಳ್ಳಬೇಡಿ, ಕಿವಿ ಕೊಡಿ. ಮೊದಲು ಬರುವುದು ಆರೆಂಜ್-ಬಿಲ್ಡ್ ಬ್ಯಾಬ್ಲರ್‌ಗಳ ಗಲಾಟೆ. ನಮ್ಮ ಹರಟೆಮಲ್ಲಗಳ ಹಾಗೇ, ಬಾಯಿ ಮುಚ್ಚುವುದಿಲ್ಲ. ಅವುಗಳ ಹಿಂದೆ ಲಂಕೆಯ ಜುಟ್ಟಿನ ಕಾಜಾಣ. ಅದು ಬೇರೆ ಹಕ್ಕಿಗಳ ಎಚ್ಚರಿಕೆ ಕೂಗನ್ನೂ ಅನುಕರಿಸುತ್ತದೆ, ಇಡೀ ಗುಂಪು ಅದಕ್ಕೆ ಕಿವಿಗೊಡುತ್ತದೆ. ಇವೆರಡೂ ಬಂದವು ಅಂದರೆ ಗುಂಪು ಬಂತು ಅಂತಲೇ. ಆಗಲೂ ಏಳಬಾರದು. ನೆಲದಲ್ಲಿ ಎಲೆ ಕೆದಕುತ್ತಾ ಆಶಿ-ಹೆಡೆಡ್ ಲಾಫಿಂಗ್‌ಥ್ರಶ್‌ಗಳು ನಮ್ಮ ಬೂಟಿನಿಂದ ನಾಲ್ಕು ಮಾರು ದೂರಕ್ಕೆ ಬಂದವು. ನಡುಕೊಂಬೆಯಲ್ಲಿ ಟ್ರೋಗನ್. ಜತೆಗೆ ಒಂದು ಅಳಿಲೂ ಸೇರಿಕೊಂಡಿತ್ತು. ಎಲ್ಲ ದಾಟಿ ಹೋಯಿತು ಅನ್ನುವಾಗ ಕೊನೆಗೆ, ಬಳ್ಳಿ ಗೋಜಲಿನ ಮೇಲೆ, ಸದ್ದೇ ಇಲ್ಲದೆ ರೆಡ್-ಫೇಸ್ಡ್ ಮಲ್ಕೋಹಾ. ಕಣ್ಣಿನ ಸುತ್ತ ಕೆಂಪು ಚರ್ಮ, ಹಸಿರು ಕೊಕ್ಕಿನಲ್ಲಿ ಒಂದು ಕಡ್ಡಿಹುಳು. ಅದನ್ನು ಕೊಂಬೆಗೆ ಬಡಿದು ಬಡಿದು ನುಂಗುವವರೆಗೂ ನೋಡಿದೆ. ಗೈಡ್ ನನ್ನ ತೋಳು ಹಿಡಿದುಕೊಂಡೇ ಇದ್ದರು.

ಅಲ್ಲಿದ್ದಷ್ಟು ದಿನದಲ್ಲಿ ಲಂಕೆ ಬಿಟ್ಟು ಬೇರೆಲ್ಲೂ ಸಿಗದ ಹಕ್ಕಿಗಳೇ ಹದಿನೈದು ಹದಿನಾರು ಜಾತಿ ಆದವು. ನಡೆದಿದ್ದು ದಿನಕ್ಕೆ ಒಂದು ಕಿಲೋಮೀಟರ್ ಇರಬಹುದು. ಹಕ್ಕಿ ಕರೆಯೋಕೆ ರೆಕಾರ್ಡ್ ಮಾಡಿದ ಕೂಗು ಒಂದು ಸಲವೂ ಹಾಕಲಿಲ್ಲ, ಹಾಕಬಾರದು ಕೂಡ. ಬ್ಲೂ ಮ್ಯಾಗ್‌ಪೈಗಂತೂ ಕಾಡಿಗೇ ಹೋಗಬೇಕಾಗಲಿಲ್ಲ. ರಾತ್ರಿ ದೀಪಕ್ಕೆ ಬಂದು ಗೋಡೆಗೆ ಅಂಟಿದ್ದ ಪತಂಗ ಹೆಕ್ಕೋಕೆ ಬೆಳಗ್ಗೆ ನಮ್ಮ ಜಗಲಿಗೇ ಬಂದಿತ್ತು.

ಕೂತಲ್ಲೇ ಕೂತರೆ ಉಂಬಳ ಬಿಡುತ್ತದಾ? ಇಲ್ಲ. ಹಾಗಾಗಿ ಸುಮ್ನೆ ಒಂದು ಪ್ರಯೋಗ ಮಾಡಿದೆ. ಒಂದು ಕಾಲಿಗೆ ಬಟ್ಟೆ ಸೋಪು ಉಜ್ಜಿದೆ, ಇನ್ನೊಂದು ಕಾಲಿನ ಬೂಟಿಗೆ ಉಪ್ಪಿನ ಪಟ್ಟಿ ಸುತ್ತಿದೆ. ಉಪ್ಪು ಮೊದಲ ಮಳೆಗೇ ತೊಳೆದುಹೋಯಿತು. ಸೋಪು ಒಂದು ಗಂಟೆ ತಡೆಯಿತು. ಮಾರನೇ ದಿನ ಎರಡೂ ಬಿಟ್ಟು, ಮಂಡಿವರೆಗಿನ ದಪ್ಪ ಬಟ್ಟೆಯ ಲೀಚ್ ಸಾಕ್ಸ್ ಹಾಕಿದೆ, ಕೂರೋಕೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಕುತ್ತಿಗೆ ಹತ್ತಿರ ಒಂದೆರಡು ಬಿಟ್ಟರೆ ಕಾಟ ಇರಲಿಲ್ಲ. ಲೆನ್ಸಿಗೆ ಹಿಂದೊಮ್ಮೆ ಫಂಗಸ್ ಬಂದು ರಿಪೇರಿಗೆ ಆರು ಸಾವಿರ ಕಳೆದಿದ್ದೆ. ಈ ಸಲ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟೆ, ಏನೂ ಆಗಲಿಲ್ಲ.

ಜನವರಿಯಿಂದ ಮಾರ್ಚ್ ಒಳಗೆ ಹೋಗಿ. ಆಗಲೂ ಮಧ್ಯಾಹ್ನ ಮಳೆ ಬರಬಹುದು. ಬೆಳಗಿನ ಹೊತ್ತೇ ನಮ್ಮದು. ಕಪ್ಪೆಬಾಯಿ ಹಕ್ಕಿ ಹಗಲಲ್ಲಿ ಎಲ್ಲಿ ಕೂರುತ್ತದೆ ಅಂತ ಹುಡುಕುವ ಉಪಾಯವನ್ನು ಗೈಡ್ ತೋರಿಸಿಕೊಟ್ಟರು. ಅದು ಅವರ ಹೊಟ್ಟೆಪಾಡಿನ ವಿದ್ಯೆ, ಅವರನ್ನೇ ಕೇಳಿ. ಮುಂದಿನ ಸಲ ಪಿಟದೆಣಿಯ ಕಡೆಯಲ್ಲೂ ಹೀಗೇ ಕೂತು ನೋಡಬೇಕು ಅಂತಿದ್ದೇನೆ. ಅಲ್ಲಿ ದಾರಿ ಕಿರಿದು, ಹೊಳೆ ಸದ್ದು ಜಾಸ್ತಿ. ಬ್ಯಾಬ್ಲರ್ ಗಲಾಟೆ ಎಷ್ಟು ದೂರದಿಂದ ಕೇಳಿಸುತ್ತದೆ ಅಂತ ಮೊದಲು ನೋಡಿಕೊಳ್ಳಬೇಕು.