ಒಡಿಸ್ಸಿಯಸ್‌ನ ಸಾಹಸಗಳನ್ನು ಅವನ ಬಾಯಿಂದಲೇ ಹೇಳಿಸಿದ ನನ್ನ ಅನುಭವ

ಕೆಲವು ವರ್ಷಗಳಿಂದ ನಾನು ನಮ್ಮ ಬಡಾವಣೆಯ ವಾಚನಾಲಯದಲ್ಲಿ ಸಂಜೆಯ ಹೊತ್ತು ಟ್ರಾಯ್ ಯುದ್ಧ ಮುಗಿಸಿ ಊರಿಗೆ ಮರಳುವ ಗ್ರೀಕ್ ವೀರ ಒಡಿಸ್ಸಿಯಸ್‌ನ ಕಥೆಯಾದ ಹೋಮರನ ಪ್ರಾಚೀನ ಗ್ರೀಕ್ ಮಹಾಕಾವ್ಯ ‘ಒಡಿಸ್ಸಿ’ಯನ್ನು ಕನ್ನಡದಲ್ಲಿ ಕಥನ ಮಾಡುತ್ತಾ ಬಂದಿದ್ದೇನೆ. 24 ಕಾಂಡಗಳ, 12,000ಕ್ಕೂ ಮಿಕ್ಕ ಸಾಲುಗಳ ಈ ಕಾವ್ಯದಲ್ಲಿ ಜನ ಕೇಳಬಯಸುವ ಸಾಹಸಗಳು, ಅಂದರೆ ಒಕ್ಕಣ್ಣ ರಾಕ್ಷಸ, ಮಾಟಗಾತಿ ಸರ್ಸಿ, ನಾವಿಕರನ್ನು ಮರುಳುಮಾಡುವ ಸೈರನ್‌ಗಳ ಹಾಡು, ಆರು ತಲೆಯ ಸ್ಕಿಲ್ಲಾ, ಇವೆಲ್ಲ ಬರುವುದು 9ರಿಂದ 12ರವರೆಗಿನ ನಾಲ್ಕು ಕಾಂಡಗಳಲ್ಲಿ. ಅವನ್ನು ಹೇಳುವವನೂ ಹೋಮರ್ ಅಲ್ಲ, ಸ್ವತಃ ಒಡಿಸ್ಸಿಯಸ್. ಟ್ರಾಯ್ ಯುದ್ಧ ಮುಗಿದಲ್ಲಿಂದ ಶುರುಮಾಡಿ ಸಾಲಾಗಿ ಹೇಳಿಬಿಡಿ, ಕೇಳುವವರಿಗೆ ಸುಲಭವಾಗುತ್ತದೆ ಎಂದು ಹಲವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಹಾಗೆ ಹೇಳಿದರೆ ಘಟನೆಗಳು ಉಳಿಯುತ್ತವೆ, ಹೇಳುತ್ತಿರುವ ಚತುರ ಕಾಣೆಯಾಗುತ್ತಾನೆ.

ಆದ್ದರಿಂದ ಮೊದಲ ಸಂಜೆ ಸಂದರ್ಭವನ್ನಷ್ಟೇ ಕಟ್ಟಿಕೊಡುತ್ತೇನೆ. ಅಪ್ಸರೆ ಕ್ಯಾಲಿಪ್ಸೊಳ ದ್ವೀಪದಲ್ಲಿ ಏಳು ವರ್ಷ ಸಿಕ್ಕಿಬಿದ್ದಿದ್ದವನು ತೆಪ್ಪ ಒಡೆದು, ಮೈಮೇಲೆ ಬಟ್ಟೆಯೂ ಇಲ್ಲದೆ ಫಿಯೇಷಿಯನ್ನರೆಂಬ ನಾವಿಕ ಜನರ ದಡ ಸೇರಿದ್ದಾನೆ. ಊರಿಗೆ ಹೋಗಲು ಅವರ ಹಡಗು ಬೇಕು. ರಾಣಿ ಅರೀಟೆಯ ಮನಸ್ಸು ಗೆಲ್ಲಬೇಕೆಂದು ರಾಜಕುಮಾರಿ ನೌಸಿಕಾ ಆಗಲೇ ಹೇಳಿಕೊಟ್ಟಿದ್ದಾಳೆ. ಇಷ್ಟು ತಿಳಿದ ಮೇಲೆ ಅವನು ಅವರ ಆಸ್ಥಾನದಲ್ಲಿ ಬಾಯಿಬಿಟ್ಟರೆ ಪ್ರತಿ ಮಾತಿನ ಹಿಂದೆಯೂ ಒಂದು ಗರಜು ಇದೆ ಎಂಬುದು ಕೇಳುಗರಿಗೆ ತಾನಾಗಿ ಗೊತ್ತಾಗುತ್ತದೆ.

ಒಕ್ಕಣ್ಣ ರಾಕ್ಷಸ ಪಾಲಿಫೀಮಸ್‌ನ ಗುಹೆಗೆ ನಾನು ಒಂದಿಡೀ ಸಂಜೆ ಕೊಡುತ್ತೇನೆ. ಮದ್ಯ ಕುಡಿಸಿ ಕಣ್ಣು ಕುರುಡುಮಾಡಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ನಿಲ್ಲುವುದು ಅದಕ್ಕೂ ಮುಂಚಿನ ರಾತ್ರಿಯಲ್ಲಿ. ಇಬ್ಬರು ಸಂಗಡಿಗರನ್ನು ತಿಂದು ರಾಕ್ಷಸ ಮಲಗಿದ್ದಾನೆ, ಒಡಿಸ್ಸಿಯಸ್‌ನ ಕೈ ಕತ್ತಿಯ ಮೇಲಿದೆ, ಇರಿಯಬೇಕಾದ ಜಾಗವನ್ನೂ ಅವನು ಗುರುತಿಸಿಕೊಂಡಿದ್ದಾನೆ. ಆದರೆ 22 ಬಂಡಿಗಳಿಂದಲೂ ಕದಲಿಸಲಾಗದ ಬಂಡೆ ಗುಹೆಯ ಬಾಯಿಗೆ ಅಡ್ಡವಾಗಿದೆ, ಅದನ್ನು ಸರಿಸಬಲ್ಲವನು ಆ ರಾಕ್ಷಸನೊಬ್ಬನೇ. ಕೊಂದರೆ ಒಳಗೇ ಸಾಯಬೇಕು. ಕತ್ತಿ ಹಿಂದಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಇಡೀ ಕಾವ್ಯದಲ್ಲಿ ಅವನ ಬುದ್ಧಿ ಇಷ್ಟು ನಿಚ್ಚಳವಾಗಿ ಕಾಣುವ ಜಾಗ ಇನ್ನೊಂದಿಲ್ಲ. ಹಡಗು ಎಲ್ಲಿದೆ ಎಂದು ಪಾಲಿಫೀಮಸ್ ಕೇಳಿದಾಗ ಅದು ಒಡೆದುಹೋಯಿತು ಎಂದು ಸುಳ್ಳು ಹೇಳಿದ್ದು, ಕುರಿಗಳನ್ನು ಮೂರು ಮೂರಾಗಿ ಬಿಗಿದು ನಡುವಿನದರ ಹೊಟ್ಟೆಗೆ ಒಬ್ಬೊಬ್ಬನನ್ನು ಕಟ್ಟಿದ್ದು, ಇವು ಅದೇ ಬುದ್ಧಿಯ ಮುಂದುವರಿಕೆ. ಕೊನೆಯಲ್ಲಿ ಹೊರಬರುವ ದೊಡ್ಡ ಟಗರನ್ನು ಕುರುಡನಾದ ರಾಕ್ಷಸ ತಡವಿ, ನಿನ್ನ ಒಡೆಯನ ಕಣ್ಣಿಗಾಗಿ ದುಃಖಪಡುತ್ತಿದ್ದೀಯಾ ಎಂದು ಕೇಳುವ ಮಾತನ್ನು ಮಾತ್ರ ನಾನು ಮೊಟಕುಗೊಳಿಸುವುದಿಲ್ಲ. ಆ ಕ್ಷಣದಲ್ಲಿ ಕೇಳುಗರ ಕನಿಕರ ಪಕ್ಷ ಬದಲಿಸುತ್ತದೆ. ಅದಾದ ಮೇಲೆಯೇ ಒಡಿಸ್ಸಿಯಸ್ ಸಂಗಡಿಗರು ಬೇಡವೆಂದರೂ ಕೇಳದೆ ಹಡಗಿನಿಂದ ತನ್ನ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಕೂಗಿ ಹೇಳುವುದು, ಶಾಪ ಹಾಕಲು ಬೇಕಾದ ವಿಳಾಸವನ್ನು ತಾನೇ ಪಾಲಿಫೀಮಸ್‌ನ ಕೈಗೆ ಕೊಡುವುದು.

ಗಾಳಿಗಳ ಒಡೆಯ ಇಯೋಲಸ್‌ ಕೊಟ್ಟ ಗಾಳಿಚೀಲ, ಹನ್ನೆರಡರಲ್ಲಿ ಹನ್ನೊಂದು ಹಡಗುಗಳು ನರಭಕ್ಷಕ ದೈತ್ಯರಾದ ಲೇಸ್ಟ್ರಿಗೋನಿಯನ್ನರ ಕಲ್ಲೇಟಿಗೆ ನಾಶವಾದದ್ದು, ಇವನ್ನು ನಾನು ಬೇಗ ದಾಟಿಸುತ್ತೇನೆ. ಅವನೂ ಬೇಗ ದಾಟಿಸುತ್ತಾನೆ.

11ನೆಯ ಕಾಂಡದಲ್ಲಿ ಮತ್ತೆ ನಿಧಾನಿಸಬೇಕು. ಪ್ರೇತಲೋಕದಲ್ಲಿ ತಾಯಿಯೊಡನೆ ಮಾತಾಡಿದ ಬಳಿಕ ಅವನು ಟ್ರಾಯ್‌ನ ವೀರರಿಗಿಂತ ಮೊದಲು ಹೆಸರಾಂತ ಸ್ತ್ರೀಯರ ದೀರ್ಘ ಸರಣಿಯನ್ನು ಹೇಳಿ, ಇನ್ನು ನಿದ್ದೆಯ ಹೊತ್ತಾಯಿತು ಎಂದು ನಿಲ್ಲಿಸಿಬಿಡುತ್ತಾನೆ. ಎದುರಿಗೆ ಕುಳಿತು ಕೇಳುತ್ತಿರುವವಳು ರಾಣಿ. ಮೊದಲು ಬಾಯಿಬಿಡುವವಳೂ ಅವಳೇ, ಈ ಅತಿಥಿಗೆ ಉಡುಗೊರೆಗಳಲ್ಲಿ ಕೈಬಿಗಿ ಮಾಡಬೇಡಿ ಎನ್ನುತ್ತಾಳೆ. ಉಡುಗೊರೆ ಸಿಗುವುದಾದರೆ ಒಂದು ವರ್ಷವಾದರೂ ಕಾದೇನು, ತುಂಬಿದ ಕೈಯಲ್ಲಿ ಊರಿಗೆ ಹೋಗುವುದೇ ಲೇಸು ಎಂದು ಅವನೂ ಸಂಕೋಚವಿಲ್ಲದೆ ಒಪ್ಪುತ್ತಾನೆ. ನೀನು ಸುಳ್ಳು ಹೆಣೆಯುವವನಂತೆ ಕಾಣುವುದಿಲ್ಲ ಎಂದು ರಾಜ ಆಲ್ಸಿನಸ್ ಹೇಳುವುದೂ ಇಲ್ಲಿಯೇ. ನಾನು ಕೂಡ ಸರಿಯಾಗಿ ಅದೇ ಜಾಗದಲ್ಲಿ ಆ ದಿನದ ಕಥನ ನಿಲ್ಲಿಸುತ್ತೇನೆ. ಗಮಕ ವಾಚನ ಕೇಳಿ ಬೆಳೆದ ಹಿರಿಯರಿಗೆ ಈ ನಿಲುಗಡೆಯ ಮರ್ಮವನ್ನು ವಿವರಿಸಬೇಕಾದ ಪ್ರಸಂಗವೇ ಬಂದಿಲ್ಲ.

ಇದೆಲ್ಲ ನಿಜವಾಗಿ ನಡೆದದ್ದೇ ಎಂಬ ಪ್ರಶ್ನೆ ಪ್ರತಿ ತಂಡದಲ್ಲೂ ಏಳುತ್ತದೆ. ಉತ್ತರವನ್ನು ನಾನು ಕಾವ್ಯದೊಳಗೇ, ಒಡಿಸ್ಸಿಯಸ್‌ನ ಬಾಯಿಂದ ಬಾರದ ಭಾಗಗಳಲ್ಲಿ ಹುಡುಕಿಸುತ್ತೇನೆ. ಪಾಲಿಫೀಮಸ್‌ನ ಕಣ್ಣು ಹೋದದ್ದನ್ನು 1ನೆಯ ಕಾಂಡದಲ್ಲಿ ದೇವರಾಜ ಜ್ಯೂಸನೇ ಹೇಳುತ್ತಾನೆ, ಸೂರ್ಯನ ಹಸುಗಳನ್ನು ಸಂಗಡಿಗರು ತಿಂದದ್ದು ಆರಂಭದ ಸಾಲುಗಳಲ್ಲೇ ಬರುತ್ತದೆ, ಸರ್ಸಿ ಕಲಿಸಿದ ಗಂಟನ್ನು ಅವನು 8ನೆಯ ಕಾಂಡದಲ್ಲಿ ಪೆಟ್ಟಿಗೆಗೆ ಹಾಕುತ್ತಾನೆ. ಸೈರನ್‌ಗಳಿಗಾದರೋ ಅವನ ಮಾತೇ ಆಧಾರ. ದೇವತೆಗಳು ತಮ್ಮೊಳಗೆ ಆಡಿದ ಮಾತು ನಿನಗೆ ಹೇಗೆ ತಿಳಿಯಿತು ಎಂದು ಯಾರೂ ಕೇಳುವ ಮೊದಲೇ, ದೇವದೂತ ಹರ್ಮಿಸ್ ಕ್ಯಾಲಿಪ್ಸೊಗೆ ಹೇಳಿದ, ಅವಳು ನನಗೆ ಹೇಳಿದಳು ಎಂದು ಸೇರಿಸಿಬಿಡುತ್ತಾನೆ ಈ ಭೂಪ!

23ನೆಯ ಕಾಂಡದಲ್ಲಿ ಅವನು ಇದೇ ಕಥೆಯನ್ನು ಹೆಂಡತಿ ಪೆನೆಲೊಪಿಗೆ ಹೇಳುತ್ತಾನೆ. ದೇವತೆ ಅಥೀನಾ ಆ ರಾತ್ರಿಯನ್ನು ಹಿಗ್ಗಿಸಿದ್ದಾಳೆ, ಪೆನೆಲೊಪಿ ಎಲ್ಲವನ್ನೂ ಕೇಳಿ ಮುಗಿಸುವವರೆಗೆ ನಿದ್ದೆ ಮಾಡುವುದಿಲ್ಲ. ಹೋಮರ್ ಆ ಕಥನವನ್ನು ಕೆಲವೇ ಸಾಲುಗಳಲ್ಲಿ ಸಂಗ್ರಹಿಸುತ್ತಾನೆ, ನಾನೂ ಅಷ್ಟೇ ಚುಟುಕಾಗಿ, ಏನನ್ನೂ ಸೇರಿಸದೆ ಒಪ್ಪಿಸುತ್ತೇನೆ. ಸರ್ಸಿಯ ಕಪಟ ಅದರಲ್ಲಿದೆ, ಅವಳ ಹಾಸಿಗೆಯ ಮಾತಿಲ್ಲ. ಕ್ಯಾಲಿಪ್ಸೊ ಅವನನ್ನು ತಡೆದಿಟ್ಟುಕೊಂಡದ್ದಿದೆ, ಅವನು ಒಲಿಯಲಿಲ್ಲವೆಂಬುದೂ ಇದೆ. ನೌಸಿಕಾಳ ಹೆಸರು ಬರುವುದೇ ಇಲ್ಲ, ಅದನ್ನು ಮೊದಲು ಗಮನಿಸಿ ನಗುವವರು ಸಾಮಾನ್ಯವಾಗಿ ಹೆಂಗಸರು.